ಅನಾನಸಿನ ಕೆನೆಪಾನಕ

ಮನೆಗೆ ಬಂದವರಿಗೆ ಕಾಲು ತೊಳೆಯಲು ನೀರು ಕೊಟ್ಟು, ಜಗಲಿಯ ಮೇಲೆ ಚಾಪೆ ಹಾಸಿ, ಬೆಲ್ಲದ ತುಂಡನ್ನೂ ತಂಬಿಗೆಯ ನೀರನ್ನೂ ಮುಂದಿಟ್ಟು, “ಆಸರಿಗೆ ಏನಾಗಬೇಕು?” ಎಂದು ಕೇಳುವುದು ನಮ್ಮ ಮಲೆನಾಡಿನ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿಯಾಗಿದೆ. ಬಂದವರು ಬಿಸಿಲಿನಲ್ಲಿ ನಡೆದು ಬಂದಿದ್ದರೆ ಮಜ್ಜಿಗೆ, ಸ್ವಲ್ಪ ಹೊತ್ತು ಕುಳಿತುಕೊಳ್ಳುವವರಾದರೆ ಮುರುಗಲ ಹಣ್ಣಿನ ಪಾನಕ ಅಥವಾ ಎಳ್ಳುಪಾನಕ, ಹಬ್ಬದ ದಿನವಾದರೆ ಬಾಳೆಹಣ್ಣಿನ ರಸಾಯನ, ಹೀಗೆ ಕಾಲಕ್ಕೂ ವ್ಯಕ್ತಿಗೂ ತಕ್ಕಂತೆ ಬೇರೆ ಬೇರೆ ಪಾನೀಯಗಳು ಗೊತ್ತಾಗಿದ್ದವು. ಈ ವಿದ್ಯೆಯು ಕನ್ನಡಿಗರಿಗೆ ಹೊಸದಲ್ಲ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಪಾಕವಿದ್ಯೆಯನ್ನೇ ವಸ್ತುವಾಗಿ ಇಟ್ಟುಕೊಂಡು ರಚಿಸಿದ ‘ಸೂಪಶಾಸ್ತ್ರ’ವೆಂಬ ಗ್ರಂಥದಲ್ಲಿ ಪಾನಕಗಳಿಗೆ ಪ್ರತ್ಯೇಕವಾಗಿಯೇ ಒಂದು ಅಧ್ಯಾಯವು ಮೀಸಲಾಗಿದೆ.

ಆದರೆ ಕಾಲವು ಬದಲಾದಂತೆ ನಾಲಿಗೆಯ ಬಯಕೆಯೂ ಬದಲಾಗುವುದು ಸಹಜವು. ಈಗ ರಜೆಗೆ ಊರಿಗೆ ಬರುವ ಮಕ್ಕಳು ರಸಾಯನವನ್ನು ಕೇಳುವುದು ಕಡಿಮೆ. ಪಟ್ಟಣದ ಅಂಗಡಿಗಳಲ್ಲಿ ಕುಡಿದು ಬಂದ ‘ಸ್ಮೂದಿ’ಯನ್ನು ಕೇಳುವುದೇ ಹೆಚ್ಚು. ಹಣ್ಣನ್ನು ಹಾಲು ಮತ್ತು ಐಸ್‌ಕ್ರೀಮಿನೊಡನೆ ಕಡೆದು, ನೀರಿನಂತೆ ತೆಳುವಾಗದೆ ಕೆನೆಯಂತೆ ದಪ್ಪವಾಗಿ ನಿಲ್ಲುವ ಹಾಗೆ ಸಿದ್ಧಗೊಳಿಸಿದ ತಂಪು ಪಾನೀಯಕ್ಕೆ ಈ ಹೆಸರು. ನಮ್ಮ ಮನೆಯಲ್ಲಿ ಇದಕ್ಕೆ ‘ಕೆನೆಪಾನಕ’ವೆಂದು ಹೆಸರು ಬಿದ್ದಿದೆ. ಇದನ್ನು ಮನೆಯಲ್ಲಿ ಮಾಡುವುದು ಏನೂ ಕಷ್ಟವಲ್ಲವೆಂದೇ ಎಲ್ಲರೂ ಹೇಳುವರು. ನಾನೂ ಹಾಗೆಯೇ ನಂಬಿದ್ದೆನು. ಆ ನಂಬಿಕೆಯಿಂದ ಒಂದು ದಿನ ಹದಿನೈದು ಜನರ ಮುಂದೆ ತಲೆ ತಗ್ಗಿಸಬೇಕಾಗಿ ಬಂದಿತು. ಆ ಪ್ರಸಂಗವನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದಿಟ್ಟರೆ ಯಾರಿಗಾದರೂ ಪ್ರಯೋಜನವಾದೀತೆಂಬ ಆಶೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಒಂದು ಬೇಸಗೆಯ ಮಧ್ಯಾಹ್ನ

ನನ್ನ ತವರು ಶಿಕಾರಿಪುರ. ಸೇರಿದ ಮನೆ ಸೊರಬದ ಕಡೆಯ ಒಂದು ಹಳ್ಳಿ. ಎರಡೂ ಶಿವಮೊಗ್ಗ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳೇ ಆದರೂ ನೆಲದ ಗುಣದಲ್ಲಿ ವ್ಯತ್ಯಾಸವುಂಟು. ಕುಮುದ್ವತಿ ನದಿಯ ಕಡೆಯ ನನ್ನ ತವರೂರಿನಲ್ಲಿ ಗದ್ದೆಬಯಲೂ ಬಿಸಿಲೂ ಹೆಚ್ಚು. ದಂಡಾವತಿ ನದಿಯ ಕಡೆಯ ಈ ಊರಿನಲ್ಲಿ ಅಡಿಕೆಯ ತೋಟ, ತೋಟದ ನಡುವೆ ಬಾಳೆ, ಗುಡ್ಡದ ಇಳಿಜಾರಿನಲ್ಲಿ ಅನಾನಸು. ಸೊರಬದಿಂದ ಉತ್ತರಕ್ಕೆ, ವರದಾ ನದಿಯ ದಂಡೆಯಲ್ಲಿ, ಕದಂಬರ ರಾಜಧಾನಿಯಾಗಿದ್ದ ಬನವಾಸಿಯು ಈಗ ಅನಾನಸಿಗೆ ಹೆಸರಾದ ಊರು. ಆ ಬೆಳೆಯು ಸೊರಬದ ಕಡೆಯ ಗುಡ್ಡಗಳಿಗೂ ಹಬ್ಬಿದೆ. ಬೇಸಗೆಯಲ್ಲಿ ಹಣ್ಣಿನ ಲಾರಿಗಳು ರಸ್ತೆಯಲ್ಲಿ ಹೋದರೆ ಅವು ಕಣ್ಮರೆಯಾದ ಮೇಲೆಯೂ ಪರಿಮಳವು ಸ್ವಲ್ಪ ಹೊತ್ತು ನಿಂತಿರುವುದು.

ನಾನು ಮದುವೆಯಾಗಿ ಬಂದ ಮೊದಲನೆಯ ಬೇಸಗೆಯಲ್ಲಿ ನಾದಿನಿಯು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಬರುವವಳಿದ್ದಳು. ಅವಳನ್ನು ನೋಡಲು ನೆರೆಮನೆಯವರೂ ಬರುವರೆಂದು ತಿಳಿದು, ಎಲ್ಲರಿಗೂ ಅನಾನಸಿನ ಕೆನೆಪಾನಕವನ್ನು ಮಾಡಿ ಮೆಚ್ಚುಗೆಯನ್ನು ಪಡೆಯಬೇಕೆಂಬ ಹಂಬಲವು ನನಗೆ ಹುಟ್ಟಿತು. ಮನೆಯ ತೋಟದ ಹಣ್ಣು, ಮನೆಯ ಹಸುವಿನ ಹಾಲು, ತವರಿನಿಂದ ತರಿಸಿದ ಐಸ್‌ಕ್ರೀಂ, ಇನ್ನೇನು ಕೊರತೆ?

ನಾನು ಹಣ್ಣು ಹೆಚ್ಚುತ್ತಿರುವುದನ್ನು ಕಂಡು ಅತ್ತೆಯವರು, “ಅನಾನಸಿಗೂ ಹಾಲಿಗೂ ಆಗಿಬರುವುದಿಲ್ಲ ಕೂಸೇ, ಬೇರೆ ಏನಾದರೂ ಮಾಡು” ಎಂದರು. ಏಕೆಂದು ಕೇಳಿದೆನು. “ಹಿಂದಿನವರು ಹೇಳುತ್ತಿದ್ದರು” ಎಂಬುದಷ್ಟೇ ಅವರ ಉತ್ತರವು. ಕಾರಣವಿಲ್ಲದ ಮಾತಿಗೆ ಬೆಲೆ ಕೊಡಬೇಕಾದುದಿಲ್ಲವೆಂದು ಮನಸ್ಸಿನಲ್ಲಿಯೇ ಅಂದುಕೊಂಡು ನಾನು ಕೆಲಸವನ್ನು ಮುಂದುವರಿಸಿದೆನು. ಹನ್ನೊಂದು ಗಂಟೆಗೆ ಕರೆಂಟು ಹೋಗುವುದೆಂಬ ಭಯದಿಂದ ಹತ್ತಕ್ಕೇ ಎಲ್ಲವನ್ನೂ ಮಿಕ್ಸಿಯಲ್ಲಿ ಹಾಕಿ ಕಡೆದು ದೊಡ್ಡ ಪಾತ್ರೆಯಲ್ಲಿ ತುಂಬಿಟ್ಟೆನು. ರುಚಿ ನೋಡಿದಾಗ ಅದು ಅಮೃತದಂತಿದ್ದಿತು.

ಬಸ್ಸು ತಡವಾಗಿ, ನಾದಿನಿಯು ಬಂದಾಗ ಹನ್ನೆರಡೂವರೆ ಗಂಟೆಯಾಗಿದ್ದಿತು. ಬೆಳ್ಳಿಯ ಲೋಟಗಳಲ್ಲಿ ಪಾನಕವನ್ನು ತುಂಬಿ ತಂದು ಎಲ್ಲರಿಗೂ ಕೊಟ್ಟೆನು. ಮೊದಲು ಕುಡಿದ ಮಗುವು ಮುಖ ಕಿವಿಚಿ, ಅಂಗಳಕ್ಕೆ ಓಡಿ ಉಗಿದುಬಿಟ್ಟಿತು. ದೊಡ್ಡವರು ಉಗಿಯಲಾರದೆ ನುಂಗಿದರು. ನಾನು ಒಳಗೆ ಹೋಗಿ ನಾಲಿಗೆಯ ಮೇಲೆ ಒಂದು ತೊಟ್ಟು ಹಾಕಿಕೊಂಡು ನೋಡಿದರೆ, ಹಾಗಲಕಾಯಿಯನ್ನು ಅರೆದು ಬೆರೆಸಿದಂತಹ ಕಹಿ! ಮೇಲೆ ನೀರು, ಕೆಳಗೆ ಒಡೆದ ಹಾಲಿನ ಗಸಿ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅತ್ತೆಯವರು ಒಂದು ಮಾತನ್ನೂ ಆಡಲಿಲ್ಲ. ಒಳಗಿನಿಂದ ಬಾಳೆಹಣ್ಣು ತಂದು, ಕಾಯಿಹಾಲು ಹಿಂಡಿ, ಕಾಲು ಗಂಟೆಯೊಳಗೆ ರಸಾಯನವನ್ನು ಮಾಡಿ ಎಲ್ಲರಿಗೂ ಬಡಿಸಿದರು. “ಹೊಸ ಹಣ್ಣು, ಏನೋ ದೋಷವಿತ್ತು” ಎಂದು ಅತಿಥಿಗಳಿಗೆ ಹೇಳಿ ನನ್ನ ಮಾನವನ್ನು ಕಾಪಾಡಿದರು. ಆದರೆ ಹಣ್ಣಿನಲ್ಲಿ ದೋಷವಿರಲಿಲ್ಲವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಕಹಿಯ ಕಾರಣ

ಈ ಕಹಿಯ ಮೂಲವು ಅನಾನಸಿನಲ್ಲಿಯೇ ಇದೆ. ಆ ಹಣ್ಣಿನ ರಸದಲ್ಲಿ ಪ್ರೋಟೀನನ್ನು ತುಂಡರಿಸುವ ಒಂದು ಕಿಣ್ವವಿರುವುದನ್ನು 1891ರಲ್ಲಿ ವೆನೆಜುವೆಲಾ ದೇಶದ ರಸಾಯನಶಾಸ್ತ್ರಜ್ಞನಾದ ವಿಸೆಂಟೆ ಮಾರ್ಕಾನೊ ಎಂಬವನು ಕಂಡುಹಿಡಿದನು. ಅದಕ್ಕೆ ಬ್ರೊಮೆಲೇನ್ ಎಂದು ಹೆಸರು. ಹಸಿ ಅನಾನಸನ್ನು ಹೆಚ್ಚಾಗಿ ತಿಂದಾಗ ನಾಲಿಗೆಯು ಕೆರೆದಂತಾಗುವುದಕ್ಕೆ ಇದೂ ಒಂದು ಕಾರಣವು. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನು ಹೇರಳವಾಗಿದೆ. ಹಸಿ ಅನಾನಸು ಹಾಲಿಗೆ ಬಿದ್ದೊಡನೆ ಈ ಕಿಣ್ವವು ಕೇಸೀನನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸತೊಡಗುವುದು. ಆ ತುಂಡುಗಳಲ್ಲಿ ಹಲವು ನಾಲಿಗೆಗೆ ಕಹಿಯಾಗಿರುತ್ತವೆ. ಕತ್ತರಿಸುವ ಕೆಲಸಕ್ಕೆ ಹೊತ್ತು ಬೇಕಾದುದರಿಂದಲೇ, ಹತ್ತು ಗಂಟೆಗೆ ಸಿಹಿಯಾಗಿದ್ದ ಪಾನಕವು ಹನ್ನೆರಡೂವರೆಗೆ ಕಹಿಯಾಯಿತು. ತಂಪಿನಲ್ಲಿ ಈ ಕೆಲಸವು ನಿಧಾನವಾಗುವುದೇ ಹೊರತು ನಿಲ್ಲುವುದಿಲ್ಲ. ಹಣ್ಣನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೂ ಕಿಣ್ವವು ಸಾಯುವುದಿಲ್ಲ. ಕರಗಿದೊಡನೆ ಮತ್ತೆ ತನ್ನ ಕೆಲಸಕ್ಕೆ ತೊಡಗುವುದು.

ಹಾಲು ಒಡೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು, ಅದು ಹುಳಿ. ನಿಂಬೆಯ ರಸದಿಂದ ಹಾಲು ಒಡೆಯುವುದು ಯಾವ ಬಗೆಯಲ್ಲೋ ಅದೇ ಬಗೆಯಲ್ಲಿ ಅನಾನಸಿನ ಹುಳಿಯಿಂದಲೂ ಒಡೆಯುವುದು. ಹುಳಿಯಿಂದ ಹಾಲು ಒಡೆದರೆ ಗಸಿಯಾಗುವುದು, ಕಹಿಯಾಗುವುದಿಲ್ಲ. ಕಿಣ್ವದಿಂದಾದರೆ ಕಹಿಯೂ ಆಗುವುದು. ಈ ಎರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಂಡರೆ ಮಾತ್ರ ಪರಿಹಾರವು ದೊರೆಯುವುದು.

ಹಿರಿಯರು ಹೇಳುತ್ತಿದ್ದರೆಂದು ಅತ್ತೆಯವರು ಅಂದುದು ಎಲ್ಲಿಂದ ಬಂದಿರಬಹುದು? ಹುಳಿಹಣ್ಣುಗಳನ್ನು ಹಾಲಿನೊಡನೆ ಸೇವಿಸಬಾರದೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿರುದ್ಧಾಹಾರಗಳ ವಿಚಾರವಾಗಿ ಹೇಳಿದೆ. ಆದರೆ ಚರಕನ ಕಾಲದಲ್ಲಿ ನಮ್ಮ ದೇಶದಲ್ಲಿ ಅನಾನಸು ಇರಲೇ ಇಲ್ಲ. ಅದು ದಕ್ಷಿಣ ಅಮೆರಿಕದ ಹಣ್ಣು. 1493ರಲ್ಲಿ ಕೊಲಂಬಸನು ತನ್ನ ಎರಡನೆಯ ಯಾನದಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಅದನ್ನು ಕಂಡನು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು. ಅಲ್ಲಿಯ ಮೂಲನಿವಾಸಿಗಳ ಭಾಷೆಯ ಹೆಸರೇ ಹಣ್ಣಿನ ಜೊತೆಯಲ್ಲಿ ಬಂದು ‘ಅನಾನಸು’ ಎಂದು ನಮ್ಮಲ್ಲಿ ನಿಂತಿತು. ಹೀಗಿರುವಲ್ಲಿ ಅತ್ತೆಯವರ ಮಾತು ಗ್ರಂಥದಿಂದ ಬಂದುದಾಗಿರದೆ, ನನ್ನಂತೆಯೇ ಎಂದೋ ಪೆಟ್ಟು ತಿಂದ ಯಾರೋ ಗೃಹಿಣಿಯ ಅನುಭವದಿಂದ ಬಂದುದಾಗಿರಬೇಕು. ಅನುಭವವು ಉಳಿಯಿತು, ಕಾರಣವು ಮರೆತುಹೋಯಿತು.

ಅತ್ತೆಯವರ ಬಾಣಲೆಯಲ್ಲಿ ಸಿಕ್ಕ ಉತ್ತರ

ಈ ಕಾರಣವನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆನು. ಪರಿಹಾರವು ಮಾತ್ರ ಪುಸ್ತಕಕ್ಕಿಂತ ಮೊದಲು ಅಡಿಗೆಯ ಮನೆಯಲ್ಲಿಯೇ ಸಿಕ್ಕಿತು. ಆ ಪ್ರಸಂಗವಾಗಿ ಹದಿನೈದು ದಿನಗಳ ಮೇಲೆ ಅತ್ತೆಯವರು ಹಬ್ಬಕ್ಕೆಂದು ಅನಾನಸಿನ ಶಿರಾ ಮಾಡಿದರು. ಅದಕ್ಕೆ ನೀರಿನ ಬದಲು ಹಾಲನ್ನೇ ಹಾಕಿದರು. ಶಿರಾ ಕಹಿಯಾಗಲಿಲ್ಲ, ಮರುದಿನ ತಿಂದರೂ ಕಹಿಯಾಗಲಿಲ್ಲ. ಅದೇ ತೋಟದ ಹಣ್ಣು, ಅದೇ ಹಸುವಿನ ಹಾಲು. ವ್ಯತ್ಯಾಸವೆಲ್ಲಿ? ಅವರು ಹಣ್ಣನ್ನು ಸಕ್ಕರೆಯೊಡನೆ ಮೊದಲು ಬೇಯಿಸಿಕೊಂಡಿದ್ದರು. ಯೋಚಿಸಿ ನೋಡಿದರೆ, ಗೊಜ್ಜು, ಮೆಣಸ್ಕಾಯಿ, ಶಿರಾ, ಹೀಗೆ ನಮ್ಮ ಮನೆಗಳಲ್ಲಿ ಅನಾನಸಿನಿಂದ ಮಾಡುವ ಅಡಿಗೆಗಳಲ್ಲೆಲ್ಲ ಅದನ್ನು ಬೇಯಿಸಿಯೇ ಬಳಸುವುದು ರೂಢಿ.

ಬೇಯಿಸಿದರೆ ಕಿಣ್ವವು ನಾಶವಾಗುವುದು. ಸುಮಾರು 80 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಶಾಖವು ಕೆಲವು ನಿಮಿಷ ತಗುಲಿದರೆ ಬ್ರೊಮೆಲೇನಿನ ಶಕ್ತಿಯು ಉಡುಗಿಹೋಗುವುದು. ಡಬ್ಬಿಗಳಲ್ಲಿ ತುಂಬಿ ಮಾರುವ ಅನಾನಸಿನ ಚೂರುಗಳನ್ನು ಮೊದಲೇ ಕಾಯಿಸಿರುವುದರಿಂದ ಅವು ಹಾಲನ್ನು ಕಹಿ ಮಾಡುವುದಿಲ್ಲ.

ನಾನೂ ಅತ್ತೆಯವರೂ ಸೇರಿ ಒಂದು ಪರೀಕ್ಷೆಯನ್ನು ಮಾಡಿದೆವು. ವಾಚಕರೂ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಇದನ್ನು ಮಾಡಬಹುದು. ಮೂರು ಬಟ್ಟಲುಗಳನ್ನು ತೆಗೆದುಕೊಳ್ಳಿರಿ. ಮೊದಲನೆಯದರಲ್ಲಿ ಐದು ಚಮಚ ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಹಸಿ ಅನಾನಸಿನ ರಸ. ಎರಡನೆಯದರಲ್ಲಿ ಅಷ್ಟೇ ಹಾಲಿಗೆ ಒಂದು ಚಮಚ ಕುದಿಸಿ ಆರಿಸಿದ ರಸ. ಮೂರನೆಯದರಲ್ಲಿ ಐದು ಚಮಚ ನೀರಿಗೆ ಒಂದು ಚಮಚ ಹಸಿ ರಸ. ಮೂರನ್ನೂ ಮುಚ್ಚಿಟ್ಟು ಅರ್ಧ ಗಂಟೆಯ ಮೇಲೆ ರುಚಿ ನೋಡಿರಿ. ನಮ್ಮ ಮೊದಲನೆಯ ಬಟ್ಟಲು ಕಹಿಯಾಗಿದ್ದಿತು. ಎರಡನೆಯದು ಕೊಂಚ ಗಟ್ಟಿಯಾದಂತೆ ಕಂಡರೂ ಅದರಲ್ಲಿ ಕಹಿ ಇರಲಿಲ್ಲ. ಮೂರನೆಯದು ಬರಿಯ ಹುಳಿಸಿಹಿ. ಹಣ್ಣೊಂದರಲ್ಲಿಯೇ ಕಹಿ ಇಲ್ಲ, ಹಾಲೊಂದರಲ್ಲಿಯೂ ಇಲ್ಲ. ಹಸಿ ಹಣ್ಣೂ ಹಾಲೂ ಕೂಡಿದಲ್ಲಿ ಮಾತ್ರ ಅದು ಹುಟ್ಟುವುದೆಂಬುದು ಇದರಿಂದ ಸ್ಪಷ್ಟವಾಯಿತು. ಅತ್ತೆಯವರು ಮೊದಲನೆಯ ಬಟ್ಟಲನ್ನು ಎರಡು ಸಲ ರುಚಿ ನೋಡಿ, “ಹಾಗಾದರೆ ಬೇಯಿಸಿದರೆ ಆಗಿಬರುತ್ತದೆ ಅನ್ನು” ಎಂದರು.

ಕೆನೆಯ ಗುಟ್ಟು

ಕಹಿಯು ತೊಲಗಿದ ಮಾತ್ರಕ್ಕೆ ಪಾನಕವು ಕೆನೆಯಂತಾಗುವುದಿಲ್ಲ. ಅದಕ್ಕೆ ಬೇರೆ ಮೂರು ಸಂಗತಿಗಳು ಬೇಕು.

ಮೊದಲನೆಯದು ಹಾಲಿನ ಜಿಡ್ಡು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಬರಿಯ ‘ಐಸ್‌ಕ್ರೀಂ’ ಎಂಬ ಹೆಸರಿನಿಂದ ಮಾರುವ ಪದಾರ್ಥದಲ್ಲಿ ನೂರಕ್ಕೆ 10 ಭಾಗಕ್ಕೆ ಕಡಿಮೆಯಿಲ್ಲದಂತೆ ಹಾಲಿನ ಜಿಡ್ಡು ಇರತಕ್ಕದ್ದು. ‘ಫ್ರೋಜನ್ ಡೆಸರ್ಟ್’ ಎಂದು ಬರೆದಿರುವ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಸಸ್ಯಜನ್ಯ ಎಣ್ಣೆಯ ಜಿಡ್ಡು ಇರುತ್ತದೆ. ನೋಡುವುದಕ್ಕೆ ಎರಡೂ ಒಂದೇ ಬಗೆಯಾಗಿರುವುದರಿಂದ ಕೊಳ್ಳುವ ಮೊದಲು ಮೇಲಿನ ಬರಹವನ್ನು ಓದುವುದು ಒಳ್ಳೆಯದು.

ಎರಡನೆಯದು ಗಾಳಿ. ಒಂದು ಲೀಟರು ಐಸ್‌ಕ್ರೀಂ 525 ಗ್ರಾಮಿಗಿಂತ ಕಡಿಮೆ ತೂಗಬಾರದೆಂದು ನಿಯಮವಿದೆ. ಒಂದು ಲೀಟರು ನೀರಿನ ತೂಕವು 1000 ಗ್ರಾಂ ಎಂಬುದನ್ನು ನೆನೆದರೆ, ಐಸ್‌ಕ್ರೀಮಿನ ಗಾತ್ರದಲ್ಲಿ ಸುಮಾರು ಅರ್ಧದವರೆಗೆ ಗಾಳಿಯೇ ಇರಬಹುದೆಂದು ತಿಳಿಯುವುದು. ಈ ಸಣ್ಣ ಗಾಳಿಗುಳ್ಳೆಗಳಿಂದಲೇ ಅದು ನಾಲಿಗೆಗೆ ಹಗುರವಾಗಿ ತೋರುವುದು. ಐಸ್‌ಕ್ರೀಮನ್ನು ಬಹಳ ಹೊತ್ತು ಕಡೆದರೆ ಅದು ಕರಗಿ ಗಾಳಿಯು ಹೊರಟುಹೋಗಿ, ಉಳಿಯುವುದು ಸಿಹಿಯಾದ ತೆಳುಹಾಲು ಮಾತ್ರ. ಆದುದರಿಂದ ಐಸ್‌ಕ್ರೀಮನ್ನು ಕೊನೆಯಲ್ಲಿ ಹಾಕಿ, ಸ್ವಲ್ಪ ಹೊತ್ತು ಮಾತ್ರ ಕಡೆಯಬೇಕು.

ಮೂರನೆಯದು ಮಂಜಿನ ಹರಳಿನ ಗಾತ್ರ. ಹರಳುಗಳು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ದೊಡ್ಡದಾದರೆ ನಾಲಿಗೆಗೆ ಮರಳು ಮರಳಾಗಿ ತಿಳಿಯುತ್ತವೆ. ಪಾನಕಕ್ಕೆ ಬರಿಯ ಮಂಜುಗಡ್ಡೆಯನ್ನು ಹಾಕಿದರೆ ಆಗುವ ದೋಷವೇ ಇದು. ಅದೂ ಅಲ್ಲದೆ ಕರಗಿದ ಮಂಜು ರುಚಿಯನ್ನೂ ನೀರಾಗಿಸುವುದು. ತಂಪಿಗೆ ಮಂಜುಗಡ್ಡೆಯ ಬದಲು ಹಣ್ಣನ್ನೇ ಹೆಪ್ಪುಗಟ್ಟಿಸಿ ಬಳಸುವುದು ಮೇಲು. ಇದಕ್ಕೆ ನಮ್ಮ ತೋಟದ ಬಾಳೆಹಣ್ಣಿಗೆ ಸಮನಾದುದು ಬೇರೊಂದಿಲ್ಲ. ಚೆನ್ನಾಗಿ ಪಕ್ವವಾದ ಬಾಳೆಹಣ್ಣನ್ನು ಹೆಪ್ಪುಗಟ್ಟಿಸಿ ಕಡೆದರೆ ಅದು ತಾನಾಗಿಯೇ ಬೆಣ್ಣೆಯಂತಾಗಿ, ಅನಾನಸಿನ ಹುಳಿಯನ್ನು ತಗ್ಗಿಸಿ, ಹಾಲೂ ಹಣ್ಣೂ ಬೇರೆಯಾಗದಂತೆ ಹಿಡಿದಿಡುವುದು.

ಬೇಕಾಗುವ ಪದಾರ್ಥಗಳು

ನಾಲ್ಕು ಜನರಿಗೆ ಬೇಕಾಗುವಷ್ಟು ಅಳತೆಯನ್ನು ಇಲ್ಲಿ ಕೊಟ್ಟಿದೆ.

ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದ ಅನಾನಸಿನ ಚೂರು: 200 ಗ್ರಾಂ
ಸಕ್ಕರೆ: 30 ಗ್ರಾಂ (ಎರಡು ದೊಡ್ಡ ಚಮಚ)
ಸಿಪ್ಪೆ ಸುಲಿದ ಬಾಳೆಹಣ್ಣು: 200 ಗ್ರಾಂ (ಏಲಕ್ಕಿ ಬಾಳೆಯಾದರೆ ನಾಲ್ಕೈದು)
ಕಾಯಿಸಿ ಆರಿಸಿ ತಂಪುಮಾಡಿದ ಕೆನೆಹಾಲು: 200 ಮಿಲಿಲೀಟರು
ವೆನಿಲಾ ಐಸ್‌ಕ್ರೀಂ: 300 ಮಿಲಿಲೀಟರು
ಉಪ್ಪು: ಒಂದು ಚಿಟಿಕೆ
ಏಲಕ್ಕಿ: ಒಂದು

ಅನಾನಸು ಪರಿಮಳ ಬರುವಷ್ಟು ಹಣ್ಣಾಗಿರಬೇಕು. ಕಾಯಿಕಾಯಿಯಾದುದರಲ್ಲಿ ಹುಳಿ ಹೆಚ್ಚು. ಬೆಲ್ಲವನ್ನಾಗಲಿ ನಮ್ಮ ಕಡೆಯ ಜೋನಿಬೆಲ್ಲವನ್ನಾಗಲಿ ಇಲ್ಲಿ ಬಳಸುವುದು ತರವಲ್ಲ. ಬೆಲ್ಲದಿಂದ ಹಾಲು ಒಡೆಯುವ ಸಂಭವವುಂಟೆಂಬುದು ಪಾಯಸ ಮಾಡಿದವರೆಲ್ಲರಿಗೂ ಗೊತ್ತಿರುವ ಸಂಗತಿ.

ಮಾಡುವ ಕ್ರಮ

ಹಿಂದಿನ ದಿನದ ಕೆಲಸ: ಅನಾನಸನ್ನು ಸಣ್ಣ ಚೂರುಗಳಾಗಿ ಹೆಚ್ಚಿ, ಸಕ್ಕರೆಯೊಡನೆ ಸ್ಟೀಲಿನ ಪಾತ್ರೆಯಲ್ಲಿ ಹಾಕಿ ಮುಚ್ಚಿ, ಸಣ್ಣ ಉರಿಯ ಮೇಲೆ ಇಡಿರಿ. ನೀರು ಹಾಕಬೇಕಾದುದಿಲ್ಲ, ಹಣ್ಣೇ ರಸವನ್ನು ಬಿಡುವುದು. ರಸವು ಕುದಿಯತೊಡಗಿದ ಮೇಲೆ ಹತ್ತು ನಿಮಿಷ ಬೇಯಲಿ. ಚೂರುಗಳ ಒಳಭಾಗಕ್ಕೂ ಶಾಖವು ತಲಪಬೇಕಾದುದರಿಂದ ಅವಸರ ಕೂಡದು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಹುಳಿಹಣ್ಣಿಗೆ ಬಳಸಲೇಬಾರದು. ಬೆಂದುದನ್ನು ಪೂರ್ಣವಾಗಿ ಆರಿಸಿ, ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ರೀಜರಿನಲ್ಲಿ ಇಡಿರಿ. ಬಾಳೆಹಣ್ಣನ್ನೂ ಬಿಲ್ಲೆಗಳಾಗಿ ಹೆಚ್ಚಿ ಇನ್ನೊಂದು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಡಿರಿ. ತೆಳುವಾಗಿ ಹರಡಿದುದು ಬೇಗ ಹೆಪ್ಪುಗಟ್ಟುವುದು. ಬೇಗ ಹೆಪ್ಪುಗಟ್ಟಿದಷ್ಟೂ ಮಂಜಿನ ಹರಳು ಸಣ್ಣದಾಗುವುದು. ಐದಾರು ಗಂಟೆಗಳ ಮೇಲೆ ಎರಡನ್ನೂ ಡಬ್ಬಿಗಳಲ್ಲಿ ತುಂಬಿಡಬಹುದು.

ಆ ಹೊತ್ತಿನ ಕೆಲಸ: ಲೋಟಗಳನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ತಂಪುಮಾಡಿರಿ. ಮಿಕ್ಸಿಯ ಜಾಡಿಗೆ ಮೊದಲು ಹಾಲು, ಉಪ್ಪು, ಏಲಕ್ಕಿಯ ಪುಡಿ, ಅದರ ಮೇಲೆ ಹೆಪ್ಪುಗಟ್ಟಿದ ಬಾಳೆ, ಆಮೇಲೆ ಅನಾನಸು. ಹಾಲು ತಳದಲ್ಲಿರುವುದರಿಂದ ಅಲಗು ಸುಗಮವಾಗಿ ತಿರುಗುವುದು. ಒಂದೇ ಸಮನೆ ತಿರುಗಿಸದೆ, ತಡೆದು ತಡೆದು ಹಣ್ಣು ನುಣ್ಣಗಾಗುವವರೆಗೆ ಕಡೆಯಿರಿ. ಹೆಚ್ಚು ಹೊತ್ತು ತಿರುಗಿದ ಯಂತ್ರವು ಬಿಸಿಯಾಗಿ ಪಾನಕವನ್ನೂ ಬಿಸಿಮಾಡುವುದೆಂಬುದನ್ನು ಮರೆಯಬಾರದು. ಕೊನೆಗೆ ಐಸ್‌ಕ್ರೀಮನ್ನು ಹಾಕಿ ಹದಿನೈದು ಇಪ್ಪತ್ತು ಸೆಕೆಂಡು ಮಾತ್ರ ಕಡೆದು, ಒಡನೆಯೇ ಲೋಟಗಳಿಗೆ ಹೊಯ್ದು ಕೊಡಿರಿ. ಚಮಚವನ್ನು ನಿಲ್ಲಿಸಿದರೆ ಅದು ಮೆಲ್ಲಗೆ ವಾಲಬೇಕು; ಅದೇ ಸರಿಯಾದ ಹದ.

ಕರೆಂಟು ಇಲ್ಲದಿದ್ದರೆ? ಮಲೆನಾಡಿನ ಮಳೆಗಾಲದಲ್ಲಿ ಇದು ಸಾಮಾನ್ಯ ಪ್ರಶ್ನೆ. ಆಗ ಹೆಪ್ಪುಗಟ್ಟಿಸದ ಬಾಳೆಹಣ್ಣನ್ನು ಕೈಯಿಂದ ಚೆನ್ನಾಗಿ ಕಿವುಚಿ, ಬೇಯಿಸಿ ಆರಿಸಿದ ಅನಾನಸನ್ನು ಒರಳಿನಲ್ಲಿ ನುಣ್ಣಗೆ ಅರೆದು, ಎರಡನ್ನೂ ಹಾಲಿನೊಡನೆ ಕಡೆಗೋಲಿನಿಂದ ಕಡೆದು, ಕೊನೆಗೆ ಮೆತ್ತಗಾದ ಐಸ್‌ಕ್ರೀಮನ್ನು ಸೇರಿಸಿ ನಾಲ್ಕು ಸುತ್ತು ಕಡೆದರೆ ಸಾಕು. ಅಷ್ಟು ದಪ್ಪವಾಗದಿದ್ದರೂ ರುಚಿಗೆ ಕೊರತೆಯಾಗದು. ಐಸ್‌ಕ್ರೀಮಿನ ವಿದ್ಯೆಯೂ ವಿದ್ಯುತ್ತಿಗಿಂತ ಹಳೆಯದೇ ಅಲ್ಲವೇ? ಅಮೆರಿಕದ ಫಿಲಡೆಲ್ಫಿಯದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆಯು 1843ರಲ್ಲಿಯೇ ಕೈಯಿಂದ ತಿರುಗಿಸುವ ಐಸ್‌ಕ್ರೀಂ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದಿದ್ದಳು. ಹೊರಗಿನ ತೊಟ್ಟಿಯಲ್ಲಿ ಮಂಜು ಮತ್ತು ಉಪ್ಪು, ಒಳಗಿನ ಪಾತ್ರೆಯಲ್ಲಿ ಹಾಲು. ಉಪ್ಪು ಬೆರೆತ ಮಂಜು ಸೊನ್ನೆ ಡಿಗ್ರಿಗಿಂತಲೂ ಬಹಳ ಕೆಳಗೆ ತಣ್ಣಗಾಗಿ ಹಾಲನ್ನು ಹೆಪ್ಪುಗಟ್ಟಿಸುತ್ತಿದ್ದಿತು.

ಉಳಿದ ಹಣ್ಣುಗಳ ವಿಚಾರ

ಎಲ್ಲ ಹಣ್ಣುಗಳನ್ನೂ ಬೇಯಿಸಬೇಕಾದುದಿಲ್ಲ. ಮಾವು, ಬಾಳೆ, ಚಿಕ್ಕು, ಸೀತಾಫಲ, ಇವು ಹಾಲಿನೊಡನೆ ಕಹಿಯಾಗುವುದಿಲ್ಲ. ಧಾರವಾಡದ ಆಪೂಸು ಸಿಕ್ಕುವ ಕಾಲದಲ್ಲಿ ಅನಾನಸಿನ ಬದಲು ಅದರ ತಿರುಳನ್ನೇ ಹಾಕಿ, ಸಕ್ಕರೆಯನ್ನು ಬಿಟ್ಟುಬಿಡಬಹುದು. ಹಲಸಿನಲ್ಲಿ ಬಕ್ಕೆಯ ತೊಳೆಗಳನ್ನು ಹೆಪ್ಪುಗಟ್ಟಿಸಿ ಕಡೆದರೆ ಸುವಾಸನೆಯುಳ್ಳ ಪಾನಕವಾಗುವುದು. ಅಂಬಲಿ ಹಲಸಿನಲ್ಲಿ ನಾರು ಹೆಚ್ಚಾದುದರಿಂದ ಅದನ್ನು ಜರಡಿಯಲ್ಲಿ ಸೋಸಿಕೊಳ್ಳಬೇಕು. ಪಪ್ಪಾಯಿಯಲ್ಲಿಯೂ ಈಚೆಗೆ ನಮ್ಮ ಪೇಟೆಗಳಿಗೆ ಬರುತ್ತಿರುವ ಕಿವಿ ಹಣ್ಣಿನಲ್ಲಿಯೂ ಅನಾನಸಿನಲ್ಲಿರುವಂತಹ ಕಿಣ್ವಗಳಿವೆ. ಆ ಹಣ್ಣುಗಳನ್ನು ಹಾಲಿನೊಡನೆ ಕಡೆದರೆ ಹೊತ್ತು ಕಳೆಯದೆ ಕುಡಿಯತಕ್ಕದ್ದು.

ಕೆಲವು ಎಚ್ಚರಿಕೆಗಳು

ಅನಾನಸಿನ ಅಳತೆಯನ್ನು ಹೆಚ್ಚಿಸಬಾರದು. ಬೇಯಿಸಿದುದರಿಂದ ಕಹಿಯ ಭಯವು ಹೋಯಿತೇ ಹೊರತು ಹುಳಿಯು ಹಾಗೆಯೇ ಇದೆ. ಹಣ್ಣು ಮಿತಿಮೀರಿದರೆ ಹಾಲು ಒಡೆದು ಗಸಿಯಾಗುವುದು. ಬೆಂದ ಹಣ್ಣನ್ನು ಬಿಸಿಯಿರುವಾಗಲೇ ಹಾಲಿಗೆ ಸೇರಿಸಿದರೂ ಅದೇ ಗತಿ.

ಕರೆಂಟು ಹೋಗಿ ಪೂರ್ಣವಾಗಿ ಕರಗಿದ ಐಸ್‌ಕ್ರೀಮನ್ನು ಮತ್ತೆ ಹೆಪ್ಪುಗಟ್ಟಿಸಿ ಬಳಸಕೂಡದು. ಮಂಜಿನ ಹರಳು ದೊಡ್ಡದಾಗಿ ರುಚಿ ಕೆಡುವುದಲ್ಲದೆ, ಕರಗಿದ್ದ ಹೊತ್ತಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿರುವ ಅಪಾಯವೂ ಉಂಟು.

ಮೇಲಿನ ಅಳತೆಯಲ್ಲಿ ಮಾಡಿದ ಒಂದು ಲೋಟದಲ್ಲಿ ಹಣ್ಣಿನ ಸಿಹಿಯಲ್ಲದೆ ಮೂರು ನಾಲ್ಕು ಚಹಾ ಚಮಚಗಳಷ್ಟು ಸಕ್ಕರೆಯು ಸೇರಿರುತ್ತದೆ. ಇಂತಹ ಸಕ್ಕರೆಯು ದಿನದ ಆಹಾರಶಕ್ತಿಯ ನೂರಕ್ಕೆ 10 ಭಾಗಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆ ಕೊಟ್ಟಿದೆ. ಸಾಮಾನ್ಯ ವಯಸ್ಕರಿಗೆ ಇದು ದಿನಕ್ಕೆ ಸುಮಾರು 50 ಗ್ರಾಂ ಆಗುವುದು. ಆದುದರಿಂದ ಇದನ್ನು ದಿನನಿತ್ಯದ ಪಾನೀಯವನ್ನಾಗಿ ಮಾಡಿಕೊಳ್ಳದೆ ಅತಿಥಿಗಳಿಗೂ ಹಬ್ಬಕ್ಕೂ ಮೀಸಲಾಗಿಡುವುದು ಲೇಸು. ಸಿಹಿಮೂತ್ರ ರೋಗವುಳ್ಳವರು ಇದರಿಂದ ದೂರವಿರುವುದೇ ವಿಹಿತವು. ಅವರಿಗೆ ನಮ್ಮ ಹಳೆಯ ಮಜ್ಜಿಗೆಯೇ ಅಮೃತ.

ಕಡೆಯ ಮಾತು

ಈ ಪಾನಕದಿಂದ ಇನ್ನೊಂದು ಲಾಭವೂ ಇದೆ. ಅನಾನಸು ಬಹಳ ದಿನ ಇಡುವ ಹಣ್ಣಲ್ಲ. 2020ರ ಲಾಕ್‌ಡೌನಿನ ದಿನಗಳಲ್ಲಿ ದೂರದ ಮಾರುಕಟ್ಟೆಗಳಿಗೆ ಹಣ್ಣು ಸಾಗದೆ ನಮ್ಮ ಕಡೆಯ ಬೆಳೆಗಾರರು ಪಟ್ಟ ಕಷ್ಟವನ್ನು ಕಣ್ಣಾರೆ ಕಂಡವರು ಅದನ್ನು ಮರೆಯಲಾರರು. ಒಂದು ಮನೆಯ ಫ್ರೀಜರಿನಿಂದ ಬೆಳೆಗಾರನ ಸಂಕಟವು ನೀಗುವುದಿಲ್ಲ, ನಿಜ. ಆದರೆ ಗಾತ್ರ ಸಣ್ಣದೆಂದು ಲಾರಿಗೆ ಏರದೆ ಉಳಿದ ಹಣ್ಣುಗಳನ್ನು ಹದಿನೈದಿಪ್ಪತ್ತು ಕೊಂಡು ತಂದು, ಸಕ್ಕರೆಯೊಡನೆ ಬೇಯಿಸಿ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸಿಟ್ಟರೆ, ಹಣ್ಣಿಲ್ಲದ ಕಾಲದಲ್ಲಿಯೂ ಶಿರಾಕ್ಕೂ ಗೊಜ್ಜಿಗೂ ಪಾನಕಕ್ಕೂ ಒದಗುವುದು. ನಾವು ಪ್ರತಿ ವರ್ಷವೂ ಹೀಗೆ ಮಾಡುತ್ತೇವೆ.

ಆ ಮೊದಲ ಪ್ರಸಂಗದ ಮರುವರ್ಷ ನಾದಿನಿಯು ಮತ್ತೆ ಬಂದಳು. ಪಾನಕವೆಂದೊಡನೆ ಮಕ್ಕಳು ಜಗಲಿಯ ಮೂಲೆಗೆ ಸರಿದವು. ಅತ್ತೆಯವರು ತಾವೇ ಮೊದಲನೆಯ ಲೋಟವನ್ನು ತೆಗೆದುಕೊಂಡು ಅವುಗಳ ಎದುರಿಗೆ ಕುಳಿತು ಕುಡಿದು ತೋರಿಸಿದರು. ಬಳಿಕ ಒಂದೊಂದಾಗಿ ಮಕ್ಕಳೂ ಬಂದವು. ಆ ದಿನ ಒಂದು ಲೋಟವೂ ಉಳಿಯಲಿಲ್ಲ. “ಹಿಂದಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅವರು ಅರ್ಧ ಹೇಳಿದ್ದರು” ಎಂದು ಅತ್ತೆಯವರು ಆ ಸಂಜೆ ನನ್ನೊಡನೆ ಅಂದರು. ಹಿರಿಯರ ಮಾತಿಗೆ ಕಾರಣ ತಿಳಿಯದಾಗ ಅದನ್ನು ಕುರುಡಾಗಿ ಒಪ್ಪುವುದೂ ಸರಿಯಲ್ಲ, ನಾನು ಮಾಡಿದಂತೆ ತಳ್ಳಿಹಾಕುವುದೂ ಸರಿಯಲ್ಲ. ಮೂರು ಬಟ್ಟಲುಗಳನ್ನು ತೆಗೆದುಕೊಂಡು ಅವರ ಜೊತೆಯಲ್ಲಿಯೇ ಕುಳಿತು ಪರೀಕ್ಷಿಸಿ ನೋಡುವುದೇ ಸರಿಯೆಂದು ನಾನು ಕಲಿತೆನು. ಗೃಹಿಣಿಯರು ಈ ಬೇಸಗೆಯಲ್ಲಿ ಇದನ್ನು ತಮ್ಮ ಮನೆಗಳಲ್ಲಿ ಮಾಡಿ ನೋಡುವರೆಂದು ನಂಬಿದ್ದೇನೆ.